ಹೆಣದ ಥಂಡಿ

ಇನ್‌ಕ್ಯುಬೇಟರ್ ಎಂಬ ಮಾತನ್ನು ಯೇರ್ಸನ್ ಮೊದಲು ಕೇಳಿದ್ದು ಕೋಳಿ ಸಾಕುವವರ ಬಾಯಲ್ಲಿ. ಬೊಗೊಟಾದ ದಕ್ಷಿಣದ ತುದಿಯ ಬೋಸಾದಲ್ಲಿ, ಸುಟ್ಟ ಕೋಳಿಯ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಗಾಜಿನ ಹಿಂದೆ ಸರಳಿಗೆ ಚುಚ್ಚಿಸಿಕೊಂಡು ತಿರುಗುವ ಕೋಳಿಗಳನ್ನು ಇಳಿಸಿ, ನಾಲ್ಕು ತುಂಡು ಮಾಡಿ, ಬೇಯಿಸಿದ ಆಲೂಗಡ್ಡೆಯ ಜೊತೆ ಪೊಟ್ಟಣ ಕಟ್ಟಿ ಕೊಡುವುದು. ಕೋಳಿಯ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಭ್ರಮೆ ಅವನಿಗಿತ್ತು. ಬೇರೆ ಯಾವ ವಿಷಯದಲ್ಲೂ ಅಂಥ ಭ್ರಮೆ ಇಟ್ಟುಕೊಳ್ಳಲು ಬದುಕು ಬಿಟ್ಟಿರಲಿಲ್ಲ. ಹಾಗಾಗಿ ಅಕ್ಕ ನಿದಿಯಾ ಏಳು ತಿಂಗಳಿಗೂ ಮೊದಲೇ ಅವಳಿ ಹೆತ್ತು, ಎರಡೂ ಕೂಸುಗಳನ್ನು ಇನ್‌ಕ್ಯುಬೇಟರಿಗೆ ಹಾಕಿದ್ದಾರೆ ಎಂದು ತಿಳಿದಾಗ ಮನೆಯಲ್ಲಿ ನಿರಾಳವಾಗಿದ್ದವನು ಅವನೊಬ್ಬನೇ.

“ಇಪ್ಪತ್ತೊಂದು ದಿನ ಅಮ್ಮಾ. ಆಮೇಲೆ ತಾವಾಗೇ ಹೊರಗೆ ಬರ್ತವೆ,” ಎಂದು ತಾಯಿ ಮಿರೇಯಾಗೆ ಧೈರ್ಯ ಹೇಳಿದ.

ಆಸ್ಪತ್ರೆಗೆ ಹೋದವನು ಹಿರಿಯ ನರ್ಸ್ ಲಿಗಿಯಾಳನ್ನು ತಡೆದು, ತಿಳಿದವರು ತಿಳಿದವರನ್ನು ಕೇಳುವ ಹಾಗೆ ಕೇಳಿದ: “ದಿನಕ್ಕೆ ಎಷ್ಟು ಸಲ ಮಗುಚಿ ಹಾಕ್ತೀರಿ ಮೇಡಂ?”

“ಮೂರು ಗಂಟೆಗೊಂದು ಸಲ,” ಎಂದಳು ಲಿಗಿಯಾ, ತಲೆ ಎತ್ತದೆ. ಅಂಥ ಕೂಸುಗಳನ್ನು ಹೊರಳಿಸಿ ಮಲಗಿಸುವುದು ನಿಜವೇ ಆಗಿತ್ತು. ಯೇರ್ಸನ್‌ನ ತಪ್ಪು ತಿಳಿವಳಿಕೆ ಹೀಗೆ ಸರಕಾರಿ ಮೊಹರು ಒತ್ತಿಸಿಕೊಂಡು ಇನ್ನೂ ಕೆಲವು ದಿನ ಬಾಳಿತು. ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ನಳಿಗೆ, ತಂತಿ, ದೊಡ್ಡವರ ಹೆಬ್ಬೆರಳಿನಷ್ಟೇ ಇದ್ದ ಪಾದ ಎಲ್ಲ ನೋಡಿದ ಮೇಲೂ ಅವನು ಮನಸ್ಸಿನಲ್ಲೇ ದಿನ ಎಣಿಸುತ್ತಿದ್ದ.

ವಾರ ತುಂಬುವುದರೊಳಗೆ ಗಂಡು ಕೂಸು ಹೋಯಿತು. ಲಿಗಿಯಾ ಮೊದಲ ದಿನವೇ ಸಿರಿಂಜಿನಿಂದ ಎರಡು ಹನಿ ನೀರು ತೊಟ್ಟಿಕ್ಕಿಸಿ ಇಬ್ಬರಿಗೂ ಜ್ಞಾನಸ್ನಾನದ ದೀಕ್ಷೆ ಕೊಟ್ಟು ಹೆಸರಿಟ್ಟಿದ್ದಳು. ಅವನು ದುವಾನ್, ಅವಳು ದಯಾನಾ. ಯೇರ್ಸನ್ ಅವತ್ತಿನಿಂದ ದಿನ ಎಣಿಸುವುದನ್ನು ಬಿಟ್ಟ.

ಕೆಳಗಿನ ಶವಾಗಾರಕ್ಕೆ ಯಾರು ಹೋಗಬೇಕು? ನಿದಿಯಾಳ ಹೊಟ್ಟೆಯ ಹೊಲಿಗೆ ಕೀವು ಕಟ್ಟಿ ಅವಳು ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಗಂಡ ಫಾಬಿಯಾನ್ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ, ಕಾವಲುಗಾರನ ಸಮವಸ್ತ್ರದಲ್ಲೇ. ಮಿರೇಯಾ ಜಪಸರ ಬಿಗಿಹಿಡಿದು, ಮಗನ ಕಡೆ ತಿರುಗದೆ ಹೇಳಿದಳು: “ಎತೆಲ್ವಿನಾಗೆ ಹೇಳಿ ಕಳಿಸು.”

ಎತೆಲ್ವಿನಾ ಯೇರ್ಸನ್‌ನ ತೀರಿಹೋದ ಅಪ್ಪನ ಅಕ್ಕ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಶವಪೆಟ್ಟಿಗೆ ಅಂಗಡಿಗಳ ಸಾಲಿದೆ. ಅದರಲ್ಲೊಂದರ ಹಿಂದಿನ ಕೋಣೆಯಲ್ಲಿ ಅವಳು ಹೆಣ ಸಿಂಗರಿಸುತ್ತಾಳೆ. ತೊಳೆಯುವುದು, ಗಡ್ಡ ಬೋಳಿಸುವುದು, ದವಡೆ ಕಟ್ಟುವುದು, ಬಟ್ಟೆ ತೊಡಿಸುವುದು, ಮನೆಯವರು ಬೆಚ್ಚದಷ್ಟು ಬಣ್ಣ ಹಚ್ಚುವುದು. ಬೊಯಾಕಾದ ಬೆಟ್ಟಗಳಿಂದ ಹುಡುಗಿಯಾಗಿದ್ದಾಗ ಮನೆಗೆಲಸಕ್ಕೆ ಬಂದವಳು. ಆ ಮನೆಯ ಮುದುಕಿ ಸತ್ತ ದಿನ ಹೆತ್ತ ಮಕ್ಕಳೆಲ್ಲ ಬಾಗಿಲ ಹೊರಗೆ ನಿಂತು ಅತ್ತರು. ಮುದುಕಿಯ ಬಾಯಿ ಮಾತ್ರ ತೆರೆದೇ ಇತ್ತು. ಎತೆಲ್ವಿನಾ ಒಳಗೆ ಹೋಗಿ ಕರವಸ್ತ್ರದಲ್ಲಿ ದವಡೆ ಕಟ್ಟಿ, ತಲೆ ಬಾಚಿ, ಕಿವಿಗೆ ಓಲೆ ಇಟ್ಟು ಬಂದಳು. ಪೆಟ್ಟಿಗೆ ತಂದವನು ಅದನ್ನು ನೋಡಿ, “ನಮ್ಮಲ್ಲಿಗೆ ಬರ್ತೀಯಾ?” ಎಂದ. ಮಧ್ಯಾಹ್ನದ ಸಾರು ಬಿಸಿಯಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹೋದಳು. ಹೋದವಳು ಅಲ್ಲೇ ಉಳಿದಳು.

ಅವಳಿಗೂ ಒಂದು ಕಾಲದಲ್ಲಿ ಒಬ್ಬನಿದ್ದ, ಲಾಟರಿ ಟಿಕೆಟ್ ಮಾರುವವನು. ಒಂದು ಭಾನುವಾರ ಕೈ ಹಿಡಿದುಕೊಂಡು ಪಾರ್ಕಿನ ಸುತ್ತ ನಡೆದರು. ಕೆಲಸ ಏನು ಎಂದು ಕೇಳಿದ, ಹೇಳಿದಳು. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ಮೂಗು ಒರೆಸಿಕೊಂಡನಂತೆ. “ಇನ್ನೊಂದು ಕೈಯಲ್ಲಿ,” ಎಂದು ಸೇರಿಸುತ್ತಿದ್ದಳು ಎತೆಲ್ವಿನಾ, ಈ ಕತೆ ಹೇಳುವಾಗಲೆಲ್ಲ.

ಬೊಯಾಕಾ ಕಡೆಯವರು ಯಾರನ್ನೂ ಏಕವಚನದಲ್ಲಿ ಕರೆಯುವವರಲ್ಲ. ಬಿಷಪ್ಪನಿಗೂ ‘ತಾವು’, ಬೀದಿನಾಯಿಗೂ ‘ತಾವು’. ಹಾಗಾಗಿ ಅವಳ ಬೈಗುಳಕ್ಕೆ ಬೇರೆಯೇ ರುಚಿ. ಯೇರ್ಸನ್‌ನ ಕೋಳಿಮರಿಯ ಲೆಕ್ಕ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: “ತಾವು ಉಪ್ಪು ಖಾರ ಸವರಲಿಲ್ಲವಲ್ಲ, ಅದೇ ಪುಣ್ಯ.”

ಶವಾಗಾರಕ್ಕೆ ಅವಳ ಜೊತೆ ಯೇರ್ಸನ್ ಹೋದ. ಅಂದರೆ ಬಾಗಿಲವರೆಗೆ ಹೋದ. ಅಲ್ಲೇ ಹೊರಗಿದ್ದ ಬೆಂಚಿನ ಮೇಲೆ ಕೂತ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ನಲ್ಲಿ ಬಿಟ್ಟ ಸದ್ದು, ಆಮೇಲೆ ಅತ್ತೆಯ ದನಿ: “ದುವಾನ್ ಅವರೇ, ನೀರು ಸ್ವಲ್ಪ ತಣ್ಣಗಿದೆ. ಕ್ಷಮಿಸಬೇಕು. ಬೇಗ ಮುಗಿಸ್ತೀನಿ.” ಅಂಗಡಿಯಲ್ಲಿದ್ದ ಅತಿ ಚಿಕ್ಕ ಅಂಗಿಯೂ ಆ ಕೂಸಿಗೆ ಪಾದದ ಆಚೆ ಇಳಿಯುತ್ತಿತ್ತು. ಅವಳು ಹೊರಗೆ ಬಂದಾಗ ಅವಳ ಬಿಳಿ ರವಿಕೆಗೆ ಒಂದು ತೋಳಿರಲಿಲ್ಲ. ಅದರ ಮೇಲೆ ಸ್ವೆಟರ್ ಏರಿಸಿ ಗುಂಡಿ ಹಾಕಿಕೊಳ್ಳುತ್ತ, “ತಾವು ಊಟ ಮಾಡಿದ್ರಾ?” ಎಂದು ಕೇಳಿದಳು. ಯೇರ್ಸನ್ ಉತ್ತರವಾಗಿ ವಾಂತಿ ಮಾಡಿಕೊಂಡ.

ಹೂಳಿ ಬಂದ ದಿನ ಮಿರೇಯಾ ತನ್ನ ಮನೆಯ ಗೇಟಿನಲ್ಲಿ ನಾಗದಾಳಿ ಸೊಪ್ಪು ಕುದಿಸಿದ ನೀರಿನ ಬಕೆಟ್ ಇಟ್ಟುಕೊಂಡು ನಿಂತಿದ್ದಳು. ಆ ಬೀದಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆಣದ ಹತ್ತಿರ ಹೋಗಿ ಬಂದವರ ಮೈಗೆ ಹೆಣದ ಥಂಡಿ ಹತ್ತಿಕೊಂಡಿರುತ್ತದೆ. ದೊಡ್ಡವರಿಗೆ ಅದು ಏನೂ ಮಾಡದು. ಹಸುಗೂಸಿನ ಹತ್ತಿರ ಹೋದರೆ ಮಾತ್ರ ಕೂಸಿನ ಎಲುಬಿಗೆ ಇಳಿಯುತ್ತದೆ, ಕೂಸು ಹಾಲು ಕಕ್ಕುತ್ತದೆ, ಹಸಿರುಗಟ್ಟುತ್ತದೆ, ಬತ್ತುತ್ತದೆ. ಆದ್ದರಿಂದ ಮಣ್ಣಿಗೆ ಹೋಗಿಬಂದವರೆಲ್ಲ ಕೈಕಾಲು ಅದ್ದಿಕೊಂಡು ಒಳಗೆ ಹೋದರು, ಕುತ್ತಿಗೆಗೆ ಒಂದೊಂದು ಬೊಗಸೆ ಸಾರಾಯಿ ತಿಕ್ಕಿಸಿಕೊಂಡರು. ಕೊನೆಯಲ್ಲಿ ಎತೆಲ್ವಿನಾ ಬಂದಾಗ ಮಿರೇಯಾ ಬಕೆಟ್ ಒಳಗಿಟ್ಟು ಗೇಟು ಹಾಕಿದಳು.

“ದೋನ್ಯಾ ಎತೆಲ್ವಿನಾ,” ಎಂದಳು. ಗಂಡನ ಅಕ್ಕನನ್ನು ಊರಿನ ಪರಿಚಯದ ಹೆಂಗಸರನ್ನು ಕರೆದಂತೆ ‘ದೋನ್ಯಾ’ ಸೇರಿಸಿಯೇ ಕರೆಯುವುದು ಅವಳ ಪದ್ಧತಿ. “ನಿಮ್ಮ ಉಪಕಾರ ದೇವರು ತೀರಿಸ್ತಾನೆ. ಆದ್ರೆ ಇನ್ನೊಂದಿದೆಯಲ್ಲ ಆಸ್ಪತ್ರೇಲಿ. ಅದು ಮನೆಗೆ ಬಂದು ಗಟ್ಟಿಯಾಗೋವರೆಗೂ ನೀವು ಆ ಕಡೆ ಸುಳೀಬೇಡಿ.”

“ಗಟ್ಟಿ ಅಂದ್ರೆ ಎಲ್ಲಿವರೆಗೂ?”

“ಹಲ್ಲು ಬರ್ಲಿ.”

“ಆಗ್ಲಿ. ಮೊಮ್ಮಗನ್ನ ನನ್ನ ಕೈಗೆ ಕೊಡೋವಾಗ ತಮಗೆ ಥಂಡಿ ನೆನಪಾಗಲಿಲ್ಲ.”

“ಅವನು ಆಗ್ಲೇ ಹೋಗಿದ್ನಲ್ಲ,” ಎಂದಳು ಮಿರೇಯಾ.

ಎತೆಲ್ವಿನಾ ಆ ಮಾತಿನಲ್ಲಿ ತಪ್ಪು ಹುಡುಕಿ ಕಾಣದವಳಂತೆ ತಲೆಯಾಡಿಸಿ ಬಸ್ ನಿಲ್ದಾಣದ ಕಡೆ ಹೊರಟಳು. ಅವಳಿಗೆ ಇದು ಹೊಸದಲ್ಲ. ತಮ್ಮನ ಮಕ್ಕಳು, ಪಕ್ಕದ ಮನೆಯ ಮಕ್ಕಳು, ಯಾರು ಹುಟ್ಟಿದರೂ ಅವಳಿಗೆ ಹೇಳಿ ಕಳಿಸುತ್ತಿದ್ದದ್ದು ಒಂದೇ ಮಾತು, ‘ಸದ್ಯಕ್ಕೆ ಬರಬೇಡಿ.’ ಯೇರ್ಸನ್‌ನನ್ನು ಅವಳು ಮೊದಲು ಕಂಡಾಗ ಅವನು ಓಡಾಡುತ್ತಿದ್ದ, ಹಲ್ಲೂ ಇದ್ದವು, ಅದರಲ್ಲೊಂದನ್ನು ಅವಳ ಕೈಗೆ ನೆಟ್ಟಿದ್ದನಂತೆ. ಅವಳು ಎತ್ತಿಕೊಂಡಿದ್ದ ಕೂಸುಗಳು ಬಹಳ ಇದ್ದವು, ಉಸಿರಾಡುವಂಥದು ಒಂದೂ ಇರಲಿಲ್ಲ.

ದಯಾನಾ ಆಸ್ಪತ್ರೆಯಲ್ಲೇ ಉಳಿದಳು. ಮೊದಮೊದಲು ನೆಂಟರು, ನೆರೆಯವರು ಬಂದು ಗಾಜಿಗೆ ಮೂಗು ಒತ್ತಿ ನಿಟ್ಟುಸಿರು ಬಿಟ್ಟು ಹೋದರು. ಆಮೇಲೆ ಬರುವುದು ಕಡಿಮೆಯಾಗಿ, ‘ಹೇಗಿದೆ ಮಗು?’ ಎಂದು ಬೀದಿಯಲ್ಲೇ ಕೇಳತೊಡಗಿದರು. ಆಮೇಲೆ ಅದನ್ನೂ ಬಿಟ್ಟರು, ಉತ್ತರ ಬದಲಾಗುತ್ತಿರಲಿಲ್ಲವಲ್ಲ. ನಿದಿಯಾ ಮೊಣಕೈವರೆಗೆ ತೊಳೆದು ತೊಳೆದು ಚರ್ಮ ಒಡೆದ ಕೈಯಲ್ಲಿ ಮೊಲೆ ಹಿಂಡಿ, ಬಾಟಲಿಯ ತಳ ಮುಚ್ಚುವಷ್ಟು ಹಾಲು ತೆಗೆದು ಕೊಡುತ್ತಿದ್ದಳು. ಕೂಸು ಒಂದು ವಾರ ಚೂರು ತೂಕ ಏರುವುದು, ಮುಂದಿನ ವಾರ ಅದನ್ನೇ ಕಳೆದುಕೊಳ್ಳುವುದು. ಹಜಾರದ ಕುರ್ಚಿಗಳಲ್ಲಿ ಕೂತ ತಾಯಂದಿರು ಒಬ್ಬರ ಕೂಸಿನ ತೂಕವನ್ನು ಇನ್ನೊಬ್ಬರು ಕೇಳಿ, ಬಾಯಲ್ಲಿ ‘ದೇವರು ದೊಡ್ಡವನು’ ಎನ್ನುತ್ತ ಕಣ್ಣಲ್ಲಿ ಅಳೆದು ನೋಡುತ್ತಿದ್ದರು. ಮಿರೇಯಾ ಹಾಸಿಗೆಯ ಅಡಿಗೆ ದೃಷ್ಟಿಯ ಕೆಂಪು ದಾರ ಸಿಕ್ಕಿಸುವುದು, ನರ್ಸ್ ಅದನ್ನು ಕಿತ್ತು ಕಸಕ್ಕೆ ಹಾಕುವುದು, ಇದೊಂದು ನಿತ್ಯದ ಪೂಜೆಯಾಯಿತು. ಯೇರ್ಸನ್ ಕೆಲಸ ಮುಗಿಸಿ, ಮಾರಾಟವಾಗದ ಕೋಳಿಯ ಕತ್ತು ರೆಕ್ಕೆ ಕಟ್ಟಿಕೊಂಡು ಬರುತ್ತಿದ್ದ. ಅದನ್ನು ತಿನ್ನುತ್ತ ನಾಲ್ವರೂ ಗಾಜಿನ ಕಡೆ ನೋಡದೆ ಕೂರುತ್ತಿದ್ದರು.

ಅತ್ತೆಯ ಅಂಗಡಿಗೂ ಅವನು ಹೋಗಿ ಬರುತ್ತಿದ್ದ. ಅವಳು ಒಳಕ್ಕೆ ಕರೆಯುತ್ತಿರಲಿಲ್ಲ, ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು: “ಹಾಲು ಎಷ್ಟು ಕುಡೀತಾರೆ? ಬಣ್ಣ ಹೇಗಿದೆ? ಉಗುರು ನೋಡಿದ್ರಾ?”

“ಉಗುರು ನೋಡಲಿಲ್ಲ ಅತ್ತೆ.”

“ಮತ್ತೆ ಇಷ್ಟು ಹೊತ್ತು ಅಲ್ಲಿ ತಾವು ಏನು ನೋಡಿದ್ರಿ, ನರ್ಸುಗಳನ್ನಾ?”

ಕೂಸು ನಳಿಗೆ ಬಿಟ್ಟು ತಾನೇ ಉಸಿರಾಡತೊಡಗಿದ ಮೇಲೆ ಲಿಗಿಯಾ ಎಲ್ಲರನ್ನೂ ಕೂರಿಸಿ ಕಾಂಗರೂ ಆರೈಕೆಯ ವಿಷಯ ಹೇಳಿದಳು. ಒಮ್ಮೆ ನಗೆಪಾಟಲಾಗಿದ್ದ ಯೇರ್ಸನ್ ಈ ಸಲ ಪ್ರಾಣಿ ಎಲ್ಲಿಂದ ತರಿಸ್ತೀರಿ ಎಂದು ಕೇಳಲಿಲ್ಲ. ಕೂಸಿಗೆ ಟೋಪಿ, ಲಂಗೋಟಿ ಬಿಟ್ಟು ಬೇರೇನೂ ಹಾಕದೆ, ಕಪ್ಪೆಯ ಹಾಗೆ ಎದೆಗೆ ಅಂಟಿಸಿ ಪಟ್ಟಿ ಕಟ್ಟಬೇಕು. ಮೈಗೆ ಮೈ ತಾಗಿರಬೇಕು. ಹೊತ್ತವರು ಕೂತೇ ನಿದ್ದೆ ಮಾಡಬೇಕು. ಒಬ್ಬರಿಂದ ಆಗದು, ಇಬ್ಬರು ಸರದಿಯ ಮೇಲೆ ಹೊರಬೇಕು. ಇಬ್ಬರು ಸಿಕ್ಕರೆ ಕೂಸು ಮನೆಗೆ.

“ತಾಯಿ ಒಬ್ಬಳಾಯ್ತು. ಇನ್ನೊಬ್ರು ಯಾರು?” ಎಂದಳು.

ಫಾಬಿಯಾನ್ ರಜೆ ಕೇಳಲು ಹೋದ. ಅವನ ಮೇಲಿನವನು, “ಹೆತ್ತದ್ದು ನೀನಾ?” ಎಂದು ನಕ್ಕು ಕಳಿಸಿದ, ಎರಡನೇ ಸಲ ಕೇಳಿದರೆ ಕೆಲಸಕ್ಕೇ ಸಂಚಕಾರ. ಅವನು ಬಂದು ಬೂಟು ನೋಡಿಕೊಂಡು ಕೂತ. ಮಿರೇಯಾ ರವಿಕೆಯ ಗುಂಡಿ ಬಿಚ್ಚಿಯೇ ಮುಂದೆ ಬಂದಳು. ಅವಳ ಕೆಮ್ಮು ಅವಳಿಗಿಂತ ಮೊದಲೇ ಬಾಗಿಲು ದಾಟಿತ್ತು. ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕೂತು ಬಂದ ಕೆಮ್ಮು. ಲಿಗಿಯಾ ಆಗದೆಂದು ತಲೆಯಾಡಿಸಿದಳು. ಉಳಿದವನು ಯೇರ್ಸನ್.

ಅವನು ಮೂರು ಸಲ ಸೋಪು ಹಾಕಿ ಸ್ನಾನ ಮಾಡಿ ಬಂದ. ಲಿಗಿಯಾ ಅವನ ಎದೆಯ ಹತ್ತಿರ ಮೂಗು ತಂದು, “ಜೀರಿಗೆ. ಇದ್ದಿಲು,” ಎಂದಳು. ಆದರೂ ಒಂದು ಸಲ ನೋಡೋಣ ಎಂದು ಕೂರಿಸಿದಳು. ದಯಾನಾಳನ್ನು ಎದೆಗೆ ಇಟ್ಟ ಗಳಿಗೆಯಿಂದ ಅವನು ಕಲ್ಲಾದ. ಅಲ್ಲಾಡಿದರೆ ಬಿದ್ದಾಳು, ಉಸಿರು ಬಿಟ್ಟರೆ ಹಾರಿಹೋದಾಳು ಎಂದು ಉಸಿರನ್ನೇ ಹಿಡಿದ. ಯಂತ್ರ ಕೂಗಿಕೊಂಡಿತು. ಲಿಗಿಯಾ ಕೂಸನ್ನು ಎತ್ತಿಕೊಂಡು ಅವನ ಮುಖ ನೋಡಿ, “ಮಗೂಗಲ್ಲ, ಮೊದಲು ಮಾವನಿಗೆ ಆಕ್ಸಿಜನ್ ಹಚ್ಚಿ,” ಎಂದು ಕೂಗಿದಳು. ಹಜಾರದ ತಾಯಂದಿರೆಲ್ಲ ನಕ್ಕರು. ಅಲ್ಲಿ ಬಹಳ ದಿನದಿಂದ ಯಾರೂ ನಕ್ಕಿರಲಿಲ್ಲ, ಆ ಮಟ್ಟಿಗೆ ಅವನು ಉಪಯೋಗಕ್ಕೆ ಬಂದ.

ಅದಾದ ಕೆಲವೇ ದಿನಗಳಲ್ಲಿ, ದಯಾನಾಳ ಪಕ್ಕದ ಪೆಟ್ಟಿಗೆ ಒಂದು ಬೆಳಿಗ್ಗೆ ಖಾಲಿಯಿತ್ತು. ಒರೆಸಿ ಹೊಳೆಯುವಂತೆ ಇಟ್ಟಿದ್ದರು. ಲಿಗಿಯಾ ಈ ಸಲ ಯಾರನ್ನೂ ಕೂರಿಸಲಿಲ್ಲ, ನಿಂತೇ ಹೇಳಿದಳು: “ಒಳಗೆ ಸೋಂಕು ಓಡಾಡ್ತಿದೆ. ಇವಳು ಹಾಲು ಕುಡೀತಾಳೆ, ಉಸಿರು ಇವಳದೇ. ಇನ್ನೊಂದು ಎದೆ ಸಿಕ್ಕಿದ್ರೆ ನಾನು ಕಳಿಸಿಬಿಡ್ತೀನಿ. ಸಿಗಲಿಲ್ವಾ, ಇಲ್ಲೇ ಇರ್ಲಿ. ಆಮೇಲೆ ನನ್ನ ಹತ್ರ ಅಳ್ಬೇಡಿ.”

ಆ ಸಂಜೆ ಮಿರೇಯಾಳ ಅಡುಗೆಮನೆಯಲ್ಲಿ ಬೆಲ್ಲದ ನೀರು ಕಾಯಿಸಿ ಎಲ್ಲರೂ ಸುತ್ತ ಕೂತರು. ಯಾರೂ ಕುಡಿಯಲಿಲ್ಲ.

“ಅತ್ತೆ ಇದ್ದಾರಲ್ಲ,” ಎಂದ ಯೇರ್ಸನ್.

ಮಿರೇಯಾ ಲೋಟ ಕುಕ್ಕಿದಳು. “ತಲೆ ನೆಟ್ಟಗಿದೆಯೇನೋ ನಿಂಗೆ? ಬೆಳಗಾದ್ರೆ ಹೆಣದ ಬಾಯಿಗೆ ಹತ್ತಿ ತುರುಕೋಳು! ಅವಳ ಎದೆಗೆ ಕೂಸು ಕಟ್ಟೋದಾ? ಅದಕ್ಕಿಂತ ಮಂಜುಗಡ್ಡೆ ಮೇಲೆ ಮಲಗ್ಸು!”

“ಆಸ್ಪತ್ರೆಯವರು ಬೇಡ ಅನ್ನಲ್ಲ. ನಾನು ಕೇಳಿದೆ. ಕೆಮ್ಮಿದೆಯಾ ಅಂದ್ರು, ಇಲ್ಲ ಅಂದೆ. ಬೀಡಿ ಸಿಗರೇಟು? ಇಲ್ಲ. ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಬರ್ಲಿ, ಅಷ್ಟೇ ಸಾಕು ಅಂದ್ರು.”

“ಅವರಿಗೇನು ಗೊತ್ತು, ಓದಿದವರಿಗೆ!”

ಅಷ್ಟು ಹೊತ್ತು ಗೋಡೆ ನೋಡುತ್ತಿದ್ದ ನಿದಿಯಾ ಬಾಯಿ ತೆರೆದಳು. ದುವಾನ್ ಹೋದಂದಿನಿಂದ ಅವಳು ಹೂಂ, ಉಹೂಂ ಬಿಟ್ಟು ಹೆಚ್ಚು ಮಾತಾಡಿರಲಿಲ್ಲ.

“ಅವನು ಹೋಗೋವಾಗ ನನ್ನ ಬೆರಳು ಅವನ ಮುಷ್ಟೀಲಿತ್ತು ಅಮ್ಮಾ. ಆಮೇಲೂ ಎಷ್ಟೋ ಹೊತ್ತು ಇತ್ತು. ಥಂಡಿ ಹತ್ತೋದಾದ್ರೆ ಮೊದಲು ನಂಗೆ ಹತ್ತಿದೆ. ನನ್ನನ್ನೂ ಹೊರಗೆ ಹಾಕು.”

ಮಿರೇಯಾ ಸೆರಗಿನಂತೆ ಶಾಲನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಷರತ್ತು ಹಾಕಿದಳು. ಎತೆಲ್ವಿನಾ ಕೆಲಸ ಬಿಡಬೇಕು. ಮಗು ಹೊರುವಷ್ಟು ಕಾಲ ಮಾತ್ರವಲ್ಲ, ಇನ್ನು ಮುಂದೆಯೂ ಹೆಣ ಮುಟ್ಟಬಾರದು. ನಾಗದಾಳಿ ಸ್ನಾನ ಒಂಬತ್ತು ದಿನ. ತನ್ನ ಕಣ್ಣೆದುರು, ಬಾಲಯೇಸುವಿನ ಮುಂದೆ ಪ್ರಮಾಣ.

ಯೇರ್ಸನ್ ಹೋದಾಗ ಎತೆಲ್ವಿನಾ ಅಂಗಡಿಯ ಹಿತ್ತಲಲ್ಲಿ, ಮಡಚಿಟ್ಟ ಹೂವಿನ ಸ್ಟ್ಯಾಂಡುಗಳ ನಡುವೆ ಕೂತು ಸಾರು ಕುಡಿಯುತ್ತಿದ್ದಳು. ಅವನು ಷರತ್ತುಗಳನ್ನು ಒಂದೊಂದಾಗಿ ಹೇಳಿದ, ತಾನೇ ಹಾಕಿದವನಂತೆ ನಾಚಿಕೆಪಡುತ್ತ.

ಅವಳು ಚಮಚ ಕೆಳಗಿಟ್ಟಳು. “ಪಕ್ಕದ ಪೆಟ್ಟಿಗೆಯ ಕೂಸು ಇಲ್ಲಿಗೇ ಬಂದಿತ್ತು. ಮೊನ್ನೆ.”

ಯೇರ್ಸನ್ ಒಂದು ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ ಅವಳೆದುರು ಕೂತ.

“ದಯಾನಾ ಅವರ ತೂಕ ಎಷ್ಟಾಯ್ತು?”

ಹೇಳಿದ.

“ಆಗಲಿ. ಎಲ್ಲದಕ್ಕೂ ಹೂಂ ಅಂದೆ ಅಂತ ತಮ್ಮ ತಾಯಿಯವರಿಗೆ ಹೇಳಿ,” ಎಂದು ಉಳಿದ ಸಾರನ್ನು ಬಟ್ಟಲೆತ್ತಿ ಕುಡಿದುಬಿಟ್ಟಳು.

ಪ್ರಮಾಣ ಸಾಂಗವಾಗಿ ನಡೆಯಿತು. ಗುಲಾಬಿ ಬಣ್ಣದ ಅಂಗಿ ತೊಟ್ಟು ಎರಡೂ ಕೈ ಮೇಲೆತ್ತಿದ ಸುಣ್ಣದ ಬಾಲಯೇಸು, ಅದರ ಮುಂದೆ ಮೇಣದ ಬತ್ತಿ, ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಮಿರೇಯಾ. ಎತೆಲ್ವಿನಾ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ.

ಕಾಂಗರೂ ಕೋಣೆಯಲ್ಲಿ ಲಿಗಿಯಾ ಅವಳನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಗೌನಿನ ಮುಂಭಾಗ ಸರಿಸಿ, ಕೂಸನ್ನು ಎದೆಯ ನಡುವೆ ಇಟ್ಟು ಪಟ್ಟಿ ಬಿಗಿದಳು. ಯೇರ್ಸನ್ ಬಾಗಿಲ ಗಾಜಿನಿಂದ ನೋಡುತ್ತಿದ್ದ. ಎತೆಲ್ವಿನಾಳ ಕೈಗಳು ತಾವಾಗಿಯೇ ಕೆಲಸ ಬಲ್ಲವರ ಹಾಗೆ ಕೂಸಿನ ಬೆನ್ನಿಗೂ ತಲೆಗೂ ಹೋಗಿ ಹಿಡಿದವು. ಮರುಕ್ಷಣ ಅವಳ ಮುಖ ಬಿಳಿಚಿಕೊಂಡಿತು.

“ಮೇಡಂ, ಇವರು ಅಲ್ಲಾಡ್ತಿದ್ದಾರೆ.”

“ಅಲ್ಲಾಡ್ಲೇಬೇಕು ದೋನ್ಯಾ.”

“ಯಾವಾಗ್ಲೂ ಹೀಗೇನಾ?”

“ಯಾವಾಗ್ಲೂ.”

ಎತೆಲ್ವಿನಾ ಕೂಸಿನ ಟೋಪಿ ಸರಿಮಾಡಿದಳು. ಸಂಜೆಯವರೆಗೆ ಕೂತಳು, ಕಾಲು ಜೋಮು ಹಿಡಿದರೂ ಏಳಲಿಲ್ಲ. ಮರುದಿನದಿಂದ ಕೂಸಿಗೆ ಕತೆ ಶುರುವಾಯಿತು. ಬೊಯಾಕಾದ ಈರುಳ್ಳಿ ಹೊಲಗಳ ಕತೆ, ಲಾಟರಿಯವನ ಕತೆ, ಅಂಗಡಿಗೆ ಬಂದ ಗಿರಾಕಿಗಳ ಕತೆ: “ಅವರ ಹೆಂಡತಿ ಬಂದು ಮೀಸೆ ಬೋಳಿಸಿ ಅಂದ್ರು. ಬದುಕಿರೋವಾಗ ಅವರು ಬೋಳಿಸ್ಕೊಳ್ಳಲಿಲ್ಲವಂತೆ. ತಾವೇ ಹೇಳಿ, ನಾನೇನು ಮಾಡಬೇಕಿತ್ತು?” ದಯಾನಾ ಅಭಿಪ್ರಾಯ ಹೇಳುವಂತೆ ಆಕಳಿಸುತ್ತಿದ್ದಳು. ತೂಕ ಏರಿತು, ಏರಿದ್ದು ಇಳಿಯಲಿಲ್ಲ. ಲಿಗಿಯಾ ಹೇಳಿದ ಮಾತಿಗೆ ತಪ್ಪದೆ ಕಳಿಸಿಕೊಟ್ಟಳು.

ಮನೆಯಲ್ಲೂ ಹಾಗೇ ನಡೆಯಿತು. ಬೆಳಿಗ್ಗೆ ನಿದಿಯಾ ಹೊರುವಳು. ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಎತೆಲ್ವಿನಾ, ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು, ಅರ್ಧ ಕೂತು ಅರ್ಧ ಮಲಗಿ. ಬೆಳಿಗ್ಗೆ ಅವಳು ಕಪ್ಪು ಶಾಲು ಹೊದ್ದು ಪೂಜೆಗೆಂದು ಚರ್ಚಿಗೆ ಹೋಗುವಳು, ಮಧ್ಯಾಹ್ನ ತಲೆ ಒದ್ದೆ ಮಾಡಿಕೊಂಡು ಬರುವಳು. “ಕೆಲಸ ಬಿಟ್ಟ ಮೇಲೆ ನಿಮ್ಮತ್ತೆಗೆ ಭಕ್ತಿ ಬಂತು ನೋಡು,” ಎಂದು ಮಿರೇಯಾ ಹೆಮ್ಮೆಪಟ್ಟಳು. ನಾಗದಾಳಿ ಸ್ನಾನವೂ ತಪ್ಪುತ್ತಿಲ್ಲ ಎಂದು ನೆರೆಯವರಿಗೆ ಹೇಳಿಕೊಂಡಳು. ಕೂಸಿಗೆ ತೂಕ ಬಂದದ್ದಕ್ಕೆ ಬಾಲಯೇಸುವಿಗೆ ಹೊಸ ಅಂಗಿ ಹೊಲಿಸಿ ಹಾಕಿದಳು. ಎತೆಲ್ವಿನಾಗೆ ಯಾರೂ ಏನೂ ಹೊಲಿಸಲಿಲ್ಲ; ಅವಳ ತೋಳಿಲ್ಲದ ರವಿಕೆಗೆ ಅವಳೇ ಬೇರೆ ಬಟ್ಟೆಯ ತೋಳು ಸೇರಿಸಿಕೊಂಡಿದ್ದಳು, ಬಣ್ಣ ಸ್ವಲ್ಪ ಬೇರೆ.

ಕಾಂಗರೂ ಕೂಸು ಹೊರುವುದು ಸಾಕು ಎಂದು ಡಾಕ್ಟರು ಹೇಳುವುದಿಲ್ಲ, ಕೂಸೇ ಹೇಳುತ್ತದೆ. ದಯಾನಾ ಒಂದು ಮಧ್ಯಾಹ್ನ ಬೆವತು, ಮುಖ ಕೆಂಪಗೆ ಮಾಡಿಕೊಂಡು, ಎತೆಲ್ವಿನಾಳ ಎದೆಗೆ ಎರಡೂ ಕಾಲಿಂದ ಒದ್ದು ಹೊರಗೆ ತಲೆ ಹಾಕಿದಳು. ಮತ್ತೆ ಒಳಗೆ ಹಾಕಿದರೆ ಮತ್ತೆ ಒದ್ದಳು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಎತೆಲ್ವಿನಾ ಪಟ್ಟಿ ಬಿಚ್ಚಿ, ಒಗೆದು, ಒಣಗಿಸಿ, ಮಡಚಿ ಮಿರೇಯಾಳ ಕೈಗೆ ಕೊಟ್ಟಳು.

“ಇನ್ನು ನೀವು ಭಾನುವಾರ ಭಾನುವಾರ ಬಂದು ನೋಡ್ಕೊಂಡು ಹೋಗಿ ದೋನ್ಯಾ. ಮಾತು ಉಳಿಸ್ಕೊಂಡಿದ್ದೀರಿ,” ಎಂದಳು ಮಿರೇಯಾ. ಅವಳ ಮಟ್ಟಿಗೆ ಅದು ದೊಡ್ಡ ಮಾತೇ.

ಭಾನುವಾರಗಳು ಬಂದವು. ಎತೆಲ್ವಿನಾ ಪ್ರತಿ ಭಾನುವಾರ ಬೆಣ್ಣೆಯ ರೊಟ್ಟಿ ಕಟ್ಟಿಸಿಕೊಂಡು ಬರುವಳು. ದಯಾನಾ ಅವಳನ್ನು ಕಂಡರೆ ಮೈಯೆಲ್ಲ ಕುಣಿಸುವಳು, ಅವಳ ಕುತ್ತಿಗೆಯ ಮಡಿಕೆಯಲ್ಲಿ ಮೂಗಿಟ್ಟು ನಿದ್ದೆ ಹೋಗುವಳು. ಅದನ್ನು ನೋಡುತ್ತ ಯೇರ್ಸನ್ ಇನ್ನು ಎಲ್ಲ ಸರಿಹೋಯಿತು ಎಂದುಕೊಂಡ. ಅವನು ಹಾಗೆ ಅಂದುಕೊಂಡಾಗಲೆಲ್ಲ ಏನಾದರೂ ಕೆಡುವುದು ವಾಡಿಕೆ.

ಚಳಿ ಮಳೆ ಹಿಡಿದ ವಾರ ಮಗುವಿಗೆ ಎದೆ ಕಟ್ಟಿತು. ಪಕ್ಕೆಲುಬು ಒಳಗೆಳೆದುಕೊಂಡು ಉಸಿರಾಡತೊಡಗಿದ್ದನ್ನು ನೋಡಿ ಮತ್ತೆ ಅದೇ ಆಸ್ಪತ್ರೆಗೆ ಓಡಿದರು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಇದು ಆಗುವಂಥದೇ, ಶ್ವಾಸಕೋಶ ಇನ್ನೂ ಎಳಸು, ಹೆದರಬೇಡಿ, ವಾಸಿಯಾಗುತ್ತದೆ ಎಂದರು ಡಾಕ್ಟರು. ಮಿರೇಯಾ ಹೂಂ ಎಂದಳು. ಮನೆಗೆ ಬಂದರೆ ಬೀದಿಯ ಕೊನೆಯಲ್ಲಿ ಮೆಕ್ಕೆಜೋಳದ ರೊಟ್ಟಿ ಸುಡುವವಳು ಕಾದಿದ್ದಳು, ಹೇಳಲೋ ಬೇಡವೋ ಎನ್ನುತ್ತ ಎಲ್ಲ ಹೇಳಿದಳು. ತಾನು ಎತೆಲ್ವಿನಾಳನ್ನು ಎಷ್ಟೋ ಸಲ ಕಂಡಿದ್ದೇನೆ. ಕೂಸು ಹೊರುತ್ತಿದ್ದ ಕಾಲದಲ್ಲೇ. ಚರ್ಚಿನ ಕಡೆಗಲ್ಲ, ಆ ಅಂಗಡಿಯ ಹಿಂಬಾಗಿಲಿಗೆ.

ಮಿರೇಯಾ ಕೂಗಾಡಲಿಲ್ಲ. ಅದೇ ಯೇರ್ಸನ್‌ಗೆ ಹೆದರಿಕೆ ಹುಟ್ಟಿಸಿತು.

“ಹೋಗಿ ಕೇಳ್ಕೊಂಡು ಬಾ,” ಎಂದಳು. “ಆ ರೊಟ್ಟಿಯವಳು ಸುಳ್ಳಿಯೇ, ನಂಗೂ ಗೊತ್ತು. ದೋನ್ಯಾ ಇಲ್ಲ ಅಂದ್ರೆ ಇಲ್ಲ. ಭಾನುವಾರ ಬರ್ಲಿ. ಹೌದು ಅಂದ್ರೆ, ಈ ಮನೆ ಬಾಗಿಲು ಅವಳು ಇನ್ನು ನೋಡ್ಕೂಡ್ದು. ಆ ಮಗು ದೊಡ್ಡೋಳಾಗಿ ಮದುವೆ ಆದ್ರೂ ನೋಡ್ಕೂಡ್ದು.”

ಯೇರ್ಸನ್ ಅವಳ ಮನೆಗೆ ಹೋಗದೆ ನೇರ ಅಂಗಡಿಗೇ ಹೊರಟ, ದಾರಿಯುದ್ದಕ್ಕೂ ಮಾತು ಜೋಡಿಸಿದ. ಅಂಗಡಿಯ ಹಿಂದೆ ಎತೆಲ್ವಿನಾ ಬಕೆಟ್ ತೊಳೆಯುತ್ತಿದ್ದಳು. ಅವನನ್ನು ಕಂಡವಳೇ ಕೈ ಒರೆಸಿಕೊಂಡು, “ಉಸಿರು ಹೇಗಿದೆ?” ಎಂದಳು.

“ಪರವಾಗಿಲ್ಲ. ನಾಡಿದ್ದು ಕಳಿಸ್ತಾರಂತೆ.”

“ಉಗುರು?”

“ಕೆಂಪಗಿದೆ. ಈ ಸಲ ನೋಡಿದೆ.” ಅವನು ಜೋಡಿಸಿಕೊಂಡು ಬಂದ ಮಾತೆಲ್ಲ ಅಷ್ಟಕ್ಕೇ ಮುಗಿದುಹೋಗಿತ್ತು. “ಅತ್ತೆ, ಅಮ್ಮ ಒಂದು ವಿಷಯ ಕೇಳ್ಕೊಂಡು ಬಾ ಅಂದಿದ್ದಾಳೆ. ನೀವು ಇಲ್ಲ ಅಂದ್ಬಿಡಿ. ಏನು ಎತ್ತ ಯೋಚಿಸ್ಬೇಡಿ, ಇಲ್ಲ ಅಂದ್ಬಿಡಿ, ನಾನು ಹಾಗೇ ಹೋಗಿ ಹೇಳ್ತೀನಿ. ಅವಳೂ ನಂಬೋಕೆ ಕಾದು ಕೂತಿದ್ದಾಳೆ.”

“ವಿಷಯ ಹೇಳಿ ತಾವು.”

“ದಯಾನಾನ ಹೊರ್ತಿದ್ರಲ್ಲ, ಆಗ, ಬೆಳಿಗ್ಗೆ ಹೊತ್ತು... ಕೆಲಸಕ್ಕೆ ಬರ್ತಿದ್ರಾ?”

ಎತೆಲ್ವಿನಾ ಬಕೆಟನ್ನು ಬೋರಲು ಹಾಕಿದಳು. ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು. ಬಂದೆ ಎಂದು ಕೂಗಿ ಹೇಳಿ, ಯೇರ್ಸನ್‌ನ ಕಡೆ ತಿರುಗಿದಳು.

“ಬರ್ತಿದ್ದೆ. ದಿನಾ ಬರ್ತಿದ್ದೆ. ನಾನು ಬರದಿದ್ರೆ ಇವರನ್ನೆಲ್ಲ ತೊಳೆಯೋರು ಯಾರು, ತಮ್ಮ ತಾಯಿಯವರಾ?”